ಸರಸಕ್ಕ ಕೊಟ್ಟ ಉತ್ತರ

ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಬೀಡಿಯ ಕಟ್ಟು ಹಿಡಿದು ಕೂತಿದ್ದರು. ಅವರು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆದಿದ್ದೇನೆ.

“ಸರಸಕ್ಕ, ನಿನ್ನೆ ನಾಟಕದ ಮಧ್ಯೆ ನೀವು ಮಾತಾಡಿದಿರಂತೆ?”

“ಬೀಡಿ ಕಟ್ಟುವವಳ ಕತೆ ಮಾರಾಯ್ತಿ. ಒಬ್ಬಳೇ ಹುಡುಗಿ ಅರ್ಧ ಗಂಟೆ ಆಡಿದಳು. ‘ನನ್ನ ಮಾತು ಕೇಳಲಿಕ್ಕೆ ಯಾರಿದ್ದಾರೆ?’ ಅಂತ ನಮ್ಮ ಕಡೆ ನೋಡಿದಳು. ‘ನಾನಿದ್ದೇನೆ, ಹೇಳು ಮಗಾ’ ಅಂದುಬಿಟ್ಟೆ.”

“ಅಯ್ಯೋ! ಎಲ್ಲ ನಗಾಡಿದರಾ?”

“ನಗಾಡಿದರು. ಮುಗಿದ ಮೇಲೆ ನಾಟಕ ಬರೆದವಳು ನನ್ನನ್ನೇ ಹುಡುಕಿಕೊಂಡು ಬಂದಳು.”

“ಬೈದಳಾ?”

“ಕೈ ಹಿಡಿದಳು. ನಮ್ಮ ಕತೆ ಬರೆದಳಲ್ಲ, ಅವಳಿಗೆ ಒಳ್ಳೆಯದಾಗಲಿ. ಇನ್ನು ಮೂಡುಬಿದಿರೆಯಲ್ಲಿ ಆಡುವಾಗ ಆ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಕಾಯ್ತಾರಂತೆ, ಅಲ್ಲಿಯೂ ಯಾರಾದರೂ ಉತ್ತರ ಕೊಡಬಹುದು ಅಂತ.”

“ಯಾರೂ ಕೊಡದಿದ್ದರೆ?”

ಬಸ್ಸು ಬಂತು. ಸರಸಕ್ಕ ಕಟ್ಟು ಎತ್ತಿಕೊಂಡು ಎದ್ದರು.

“ಅಲ್ಲಿಗೂ ನಾನು ಹೋಗ್ತೇನಲ್ಲ.”