ಒಂದೇ ಬಾಗಿಲು

ಗಲ್ಲಿಯವರು ಚೀಲದಕ್ಕ ಎಂದು ಕರೆಯುವ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಚ್‌ಐವಿ ಕರಪತ್ರಗಳನ್ನು ಸದ್ದಿಲ್ಲದೆ ಮಡಚುತ್ತಿದ್ದಳು. ಮನೆಮನೆ ತಿರುಗಿ ಹರೆಯದವರನ್ನು ಪರೀಕ್ಷೆಗೆ ಕರೆತರುವುದು, ಸೋಂಕಿದ್ದವರಿಗೆ ಮಾತ್ರೆ ತಲುಪಿಸುವುದು ಅವಳ ಕೆಲಸ. ಪಕ್ಕದಲ್ಲಿ ಅದೇ ಪರೀಕ್ಷೆಯ ಚೀಟಿ ಹಿಡಿದು ಸರದಿಗೆ ಕಾಯುತ್ತಿದ್ದ ಹೊಲಿಗೆಯ ಹುಡುಗಿ ನೆಲ ನೋಡುತ್ತಿದ್ದರೂ ಅವಳ ಕಿವಿ ಚುರುಕಾಗಿತ್ತು. ಅಷ್ಟರಲ್ಲಿ ಒಬ್ಬ ತಾಯಿ ಬಂದು ಎದುರಿಗೆ ನಿಂತಳು.

“ಬನ್ನಿ ಅಮ್ಮಾ. ಮಗ ಬರಲಿಲ್ವಾ?”

“ನಿಮ್ಮ ದಯೆ, ಮನೇನೇ ಬಿಟ್ಟು ಹೋದ. ಮೊನ್ನೆ ನೀವು ಗಲ್ಲಿಗೆ ಬಂದಾಗ ನಮ್ಮ ಬಾಗಿಲೊಂದನ್ನೇ ತಟ್ಟಿದ್ರಂತೆ?”

“ಅವನು ಮಾತ್ರೆ ತಗೊಳ್ಳೋಕೆ ಆಸ್ಪತ್ರೆಗೆ ಬಂದಿರಲಿಲ್ಲ. ಅದಕ್ಕೇ ಕೊಟ್ಟು ಹೋಗೋಣ ಅಂತ...”

“ಯಾವತ್ತೂ ಗಲ್ಲಿಯ ಹನ್ನೆರಡು ಮನೆಗೂ ಹೋಗ್ತಿದ್ರಿ. ಹಲ್ಲಿಲ್ಲದ ಅಜ್ಜಿಗೂ ಕಾಂಡೋಮ್ ಪಾಠ ಹೇಳ್ತಿದ್ರಿ. ನಾವೆಲ್ಲ ಬಿದ್ದೂ ಬಿದ್ದೂ ನಗ್ತಿದ್ವಿ.”

“ಯಾರ ಮನೇಲಿ ಕಾಯಿಲೆ ಅಂತ ಗೊತ್ತಾಗಬಾರದು ಅಂತ್ಲೇ ಎಲ್ಲ ಕಡೆ ಹೋಗ್ತಿದ್ದೆ. ಅವತ್ತು ಕಾಲು ಊದಿಕೊಂಡಿತ್ತಮ್ಮಾ. ಉಳಿದ ಮನೆ ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ.”

“ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಯ್ತು. ಗ್ಯಾರೇಜಿನವನು ಮಗನಿಗೆ ಇನ್ನು ಕೆಲಸಕ್ಕೆ ಬರಬೇಡ ಅಂದ. ಮಡಕೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚೋಕಾಗುತ್ತಾ?”

“ತಪ್ಪಾಯ್ತು. ಇವತ್ತೇ ಎಲ್ಲ ಮನೆಗೂ ಹೋಗ್ತೀನಿ.”

“ಹೋಗಿ ಏನು ಹೇಳ್ತೀರಿ?”

ಚೀಲದಕ್ಕ ಕರಪತ್ರಗಳನ್ನು ಚೀಲಕ್ಕೆ ತುಂಬಿದಳು. ಹೊಲಿಗೆಯ ಹುಡುಗಿ ತನ್ನ ಚೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಮೆಲ್ಲಗೆ ಎದ್ದು ಆಸ್ಪತ್ರೆಯ ಹೊರಬಾಗಿಲ ಕಡೆ ನಡೆದಳು. ಅವಳ ಹಿಂದೆ, ತಾಯಿ ಬೆಂಚಿನ ಮೇಲೆ ಮಾತ್ರೆಯ ಡಬ್ಬಿ ಇಟ್ಟ ಸದ್ದಾಯಿತು.

“ಒಂದನ್ನೂ ಮುಟ್ಟದೆ ಬಿಟ್ಟು ಹೋಗಿದಾನೆ. ಎಲ್ಲಿದಾನೋ ಗೊತ್ತಿಲ್ಲ. ಇದನ್ನ ಅವನಿಗೆ ತಲುಪಿಸಿ ಅಕ್ಕಾ.”