ಮುಟ್ಟಿದರೆ ಮುನಿಯ ಚಿತ್ರ

ಊರು ಯಾವುದೆಂದು ಕೇಳಬೇಡಿ, ಅಲ್ಲೊಬ್ಬ ಸಾಹುಕಾರನಿದ್ದ. ಮನೆ ಮುಂದೆ ಗುಲಾಬಿ ತೋಟ, ತೋಟಕ್ಕೆ ಮಾಲಿಗಳು. ಅವನ ಹೆಂಡತಿ ಮಾತ್ರ ಆ ಗುಲಾಬಿಗಳತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬೆಳಗಿನ ಕೆಲಸ ಮುಗಿಸಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಜಲವರ್ಣದ ಪುಟ್ಟ ಪೆಟ್ಟಿಗೆ ತೆರೆದು ಕಳೆಗಿಡಗಳ ಚಿತ್ರ ಬರೆಯುತ್ತಿದ್ದಳು. ತುಂಬೆ, ಉತ್ತರಾಣಿ, ನೆಗ್ಗಿಲು. ನೋಡಿ, ನಾವು ಕಿತ್ತು ಬಿಸಾಡುವುದನ್ನೆಲ್ಲ ಆಕೆ ಕಾಗದದ ಮೇಲೆ ನೆಡುತ್ತಿದ್ದಳು. ಬರೆಯುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದಳು.

ಗಂಡನ ಚಪ್ಪಲಿ ಸದ್ದಾಯಿತೋ, ಗುನುಗು ನಿಂತಿತು, ಚಿತ್ರ ಬೋರಲು ಬಿತ್ತು.

"ಏನೇ ಅದು?"

"ಏನಿಲ್ಲ ಬಿಡಿ. ಕಾಫಿ ತರ್ಲಾ?"

ದಿನಕ್ಕೆ ಇಷ್ಟೇ ಮಾತು. ಮದುವೆಯಾದ ಹೊಸತರಲ್ಲಿ ಮಾತು ಅಂದರೆ ಆಕೆ, ಆಕೆ ಅಂದರೆ ಮಾತು. ಅದೆಲ್ಲ ಎಲ್ಲಿ ಹೋಯಿತೆಂದು ಅವನಿಗೆ ಒಳಗೊಳಗೇ ಸಂಕಟ. ದುಬಾರಿ ಬಣ್ಣ ತಂದುಕೊಟ್ಟ. "ಚೆನ್ನಾಗಿದೆ" ಎಂದು ಬೀರುವಿನಲ್ಲಿಟ್ಟಳು.

ಒಂದು ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋದಾಗ ತಾನೇ ಆಕೆಯ ಬಣ್ಣದ ಪೆಟ್ಟಿಗೆ, ಕಾಗದ ಹಿಡಿದು ಹೋಗಿ ಆ ಕಲ್ಲಿನ ಮೇಲೆ ಕೂತ. ಒಂದು ಚಿತ್ರ ಬರೆದು ತೋರಿಸಿದರೆ ಮಾತಾಡಿಯಾಳು ಎಂಬ ಆಸೆ. ಕಾಲ ಬಳಿ ಮುಟ್ಟಿದರೆ ಮುನಿ ಹೂ ಬಿಟ್ಟಿತ್ತು. ಎಲೆಯೊಂದು ಹೂವಿಗೆ ಅಡ್ಡ ಬಂದಿತ್ತು. ಸಾಹುಕಾರನಲ್ಲವೇ, ಸರಿಮಾಡಲು ಹೋದ. ಎಲೆ ಮುಚ್ಚಿಕೊಂಡಿತು. ಇನ್ನೊಂದನ್ನು ಸರಿಮಾಡಿದ, ಅದೂ ಮುಚ್ಚಿಕೊಂಡಿತು. "ಥತ್!" ಎಂದು ಗಿಡವನ್ನೇ ಗದರಿದ.

ಹಿಂದಿನಿಂದ ಕಿಲಕಿಲ ನಗು ಕೇಳಿತು. ತಿರುಗಿದರೆ ಹೆಂಡತಿ. ಅವನು ತಿರುಗಿದ್ದೇ ತಡ, ನಗು ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಬೈತೀರೇನೋ ಅಂತ."

ಅವನು ಗಿಡವನ್ನು ನೋಡಿದ, ಹೆಂಡತಿಯನ್ನು ನೋಡಿದ. ತಗ್ಗಿದ ದನಿಯಲ್ಲಿ ಕೇಳಿದ: "ಇದನ್ನ ಹೇಗೆ ತೆರೆಸೋದು?"

"ತೆರೆಸೋಕಾಗಲ್ಲ ರೀ. ಕೈ ತೆಗ್ದು ಸುಮ್ನೆ ಕೂತ್ಕೊಳ್ಳಿ."

ಕೂತ. ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಕೂತ. ಆಕೆಯೂ ಪಕ್ಕದಲ್ಲಿ ಕೂತು, ಕಾಗದವನ್ನು ಒದ್ದೆ ಮಾಡಿ, ನಸುಗೆಂಪಿನ ಒಂದು ಹನಿ ಬಿಟ್ಟಳು. ಹನಿ ನಿಧಾನವಾಗಿ ಹರಡಿತು, ಅಂಚೆಲ್ಲ ಎಳೆ ಎಳೆಯಾಯಿತು, ನೋಡನೋಡುತ್ತ ಹೂವೇ ಆಯಿತು. ಎಳೆಬಿಸಿಲು ಕಾಗದದ ಮೇಲೆ, ಆಕೆಯ ಒದ್ದೆ ಕೂದಲ ಮೇಲೆ. ಹೊತ್ತು ಎಷ್ಟು ಸರಿಯಿತೋ ಅವನಿಗೆ ತಿಳಿಯಲಿಲ್ಲ. ಕೆಳಗೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡಿದ್ದವು.

ಆಗ ಆಕೆ, "ನಾನು ಚಿಕ್ಕವಳಿದ್ದಾಗ ಏನಾಯ್ತು ಗೊತ್ತಾ..." ಎಂದು ಶುರುಮಾಡಿದಳು. ನಾಲಿಗೆ ತುದಿಗೆ ಬಂದ ಬುದ್ಧಿಮಾತನ್ನು ನುಂಗಿಕೊಂಡು ಅವನು ಕೇಳುತ್ತಾ ಕೂತ.

ನಗ್ತಾ ಇದ್ದೀರಿ. ನಗಿ. ಆದರೆ ಇವತ್ತು ಮನೆಗೆ ಹೋದಾಗ ಬಾಗಿಲ ಹೊರಗೆ ಒಂದು ಗಳಿಗೆ ನಿಂತು ಕೇಳಿ. ಒಳಗೆ ನಗು ಇದೆಯೇ? ನೀವು ಕಾಲಿಟ್ಟ ಮೇಲೂ ಇದೆಯೇ? ನಿಂತುಹೋದರೆ ಯಾಕೆಂದು ಗದರಬೇಡಿ. ಸಾರಿಗೆ ಉಪ್ಪು ಕಡಿಮೆ ಎನ್ನಬೇಡಿ, ಪುಸ್ತಕ ಅಲ್ಲೇಕೆ ಬಿದ್ದಿದೆ ಎನ್ನಬೇಡಿ. ಯಾರನ್ನೂ ಸರಿಮಾಡಲು ಹೋಗದೆ ಸ್ವಲ್ಪ ಹೊತ್ತು ಅವರ ಪಕ್ಕ ಕೂತುಕೊಳ್ಳಿ. ಅವರಾಗಿಯೇ ಮಾತಾಡುತ್ತಾರೆ. ಆಗಲೂ ಕೈ ಮಡಿಲಲ್ಲೇ ಇರಲಿ.