ಇಲ್ಲ ಅಂತ ತೋರಿಸಿಕೊಡು

ಅಲ್ಲ ಕಣೋ, ಆ ಮಂಚ ಆಮೇಲೆ ಎತ್ತಿದರಾಯ್ತು. ಬಂದವರೆಲ್ಲ ಹೋದರಲ್ಲ, ಈಗ ಕೂತ್ಕೋ. ಅಲ್ಲಿ ಬೇಡ, ಅದು ಸ್ಕೂಲ್ ಯೂನಿಫಾರಂ ಬಟ್ಟೆ, ಕಾಜ ಇನ್ನೂ ಹಾಕಿಲ್ಲ. ಈ ಕಡೆ ಬಾ, ಹೊಲಿಗೆ ಮೆಷಿನ್ ಪಕ್ಕ. ನಿನ್ನ ಹತ್ರ ಒಂದು ಕೇಳಬೇಕು. ದೇವರಿಲ್ಲ ಅಂತ ಸಾಬೀತು ಮಾಡ್ತಿದ್ದೆಯಲ್ಲ, ಅದನ್ನ ಇನ್ನೊಂದು ಸಲ ಮಾಡಿ ತೋರಿಸು.

ಹುಬ್ಬು ಯಾಕೆ ಗಂಟಿಕ್ಕಿದೆ? ತಮಾಷೆ ಅಲ್ಲ. ಅಮ್ಮ ತೀರಿಕೊಂಡು ಇನ್ನೂ ವಾರ ಆಗಿಲ್ಲ, ತಮಾಷೆ ಮಾಡೋಕೆ ನನಗೇನು ಬಂದಿದೆ.

ಕಾಲೇಜು ಸೇರಿದ ಹೊಸದರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳ್ತಿದ್ದೆ, ನೆನಪಿದೆಯಾ? ದೇವರು ಒಳ್ಳೆಯವನಾದರೆ ಲೋಕ ಹೀಗಿರಬಾರದು, ಕೈಲಾಗದೋನಾದರೆ ಅವನು ದೇವರೇ ಅಲ್ಲ, ಅಂತ. ಅಮ್ಮ ಈರುಳ್ಳಿ ಹೆಚ್ಚುತ್ತಾ, "ಸರಿಯಪ್ಪಾ, ಮೊದಲು ಊಟ ಮಾಡು" ಅಂತಿದ್ದಳು. ಅವಳು ಒಪ್ಪಲಿಲ್ಲ. ನಾನು ಒಪ್ಪಿದೆ. ತಮ್ಮ ಓದಿದೋನು, ಸರಿಯಾಗೇ ಹೇಳ್ತಾನೆ ಅಂತ. ಆಮೇಲೆ ನಾನು ಯಾವ ದೇವರನ್ನೂ ಏನೂ ಬೇಡಿದವಳಲ್ಲ.

ಏನಂದೆ? ಇದಾನೆ ಅಂತಲೂ ತೋರಿಸೋಕಾಗಲ್ಲ, ಇಲ್ಲ ಅಂತಲೂ ತೋರಿಸೋಕಾಗಲ್ಲವಾ? ಯಾವಾಗಿಂದ? ಮೇಷ್ಟ್ರಾಗಿ ಮಕ್ಕಳಿಗೆ ಹೀಗೇ ಪಾಠ ಮಾಡ್ತೀಯಾ ಈಗ? ಅಷ್ಟು ಜೋರು ಮಾಡ್ತಿದ್ದೋನು ನೀನೇ ಮೆತ್ತಗಾದರೆ ನನ್ನ ಗತಿ ಏನೋ...

ಹೇಳ್ತೀನಿ, ಇರು.

ಬಿದ್ದು ಸೊಂಟ ಮುರಕೊಂಡ ಮೇಲೆ ಅಮ್ಮ ಈ ಮಂಚ ಬಿಟ್ಟು ಏಳಲಿಲ್ಲ. ಮೆಷಿನ್ ಸದ್ದು ಕೇಳ್ತಿರಲಿ ಅಂತ ಅವಳೇ ಮಂಚ ಇಲ್ಲಿಗೆ ಹಾಕಿಸಿದ್ದು. ಒಂದು ತೋಳು ಹೊಲಿಯೋದು, ಏಳೋದು, ಮಗ್ಗುಲು ತಿರುಗಿಸೋದು, ಬೆನ್ನಿನ ಹುಣ್ಣು ತೊಳೆಯೋದು. ಮತ್ತೆ ಕೂತು ಹೊಲಿಯೋದು. ನೀನು ಫೋನ್ ಮಾಡಿದಾಗ ಚೆನ್ನಾಗಿದೀನಪ್ಪಾ ಅಂತಿದ್ದಳಲ್ಲ, ಅವಳ ಕಿವಿಗೆ ಫೋನ್ ಹಿಡಿದಿರ್ತಿದ್ದೋಳು ನಾನು. ...ಬೇಡ, ನಿನ್ನನ್ನ ಅಂತಿಲ್ಲ. ತಲೆ ಎತ್ತು.

ಕೊನೇ ದಿನ ಮಧ್ಯಾಹ್ನ ಕರೆದಳು. ಮಾತು ಅರ್ಧಂಬರ್ಧ ಬರ್ತಿತ್ತು. "ನಾನು ಬೇಡಿ ಬೇಡಿ ಸಾಕಾಯ್ತು ಮಗಳೇ, ನನ್ನ ಮಾತು ಆ ದೇವರಿಗೆ ಹಳಸಿಹೋಗಿದೆ. ನೀನು ಎಷ್ಟೋ ವರ್ಷದಿಂದ ಏನೂ ಕೇಳಿಲ್ಲ. ನೀನು ಕೇಳಿದರೆ ಕೊಟ್ಟಾನು. ಅಮ್ಮನ ನೋವು ಮುಗಿಸಪ್ಪಾ ಅನ್ನು." ಆಗಲಮ್ಮಾ ಅಂದೆ. ಅಡುಗೆಮನೆಗೆ ಹೋದೆ. ನಾಚಿಕೆ ಆಯ್ತು ಕಣೋ ಈ ವಯಸ್ಸಲ್ಲಿ, ಅವಳಿಗೆ ಕೇಳಿಸದಿರಲಿ ಅಂತ ನಲ್ಲಿ ತಿರುಗಿಸಿ, ಆ ಸದ್ದಲ್ಲಿ ಕೇಳಿದೆ. ಆಮೇಲೆ ಹಾಲು ಬಿಸಿ ಮಾಡಿ ತಂದೆ. ಅಷ್ಟರಲ್ಲಿ ಹೋಗಿದ್ದಳು.

ಗೊತ್ತು, ಕಾಕತಾಳೀಯ ಅಂತೀಯ. ಡಾಕ್ಟರೂ ಅಂದರು, ಹೃದಯ ಯಾವಾಗಲೋ ಸೋತಿತ್ತಂತೆ. ಆದರೆ ಡಾಕ್ಟರಿಗೆ ನಾನು ಬೇಡಿದ್ದು ಗೊತ್ತಿಲ್ಲವಲ್ಲ. ನಿನಗೀಗ ಗೊತ್ತು. ನೀನು ಹೇಳು.

ಏನು? ಅಮ್ಮ ಬಯಸಿದ್ದೇ ಆಯ್ತಲ್ಲ ಅಕ್ಕಾ, ಅವನು ಇದ್ದರೆ ನಿನಗ್ಯಾಕೆ ಭಯ ಅಂತೀಯಾ?

...ಭಯ ಅಂತ ಯಾರಂದರು? ಸುಮ್ಮನೆ ಕೇಳಿದೆ. ಬೇರೇನೂ ಇಲ್ಲ. ಎಲ್ಲ ಹೇಳಿದೆನಲ್ಲ.

ಹಾಗೆ ನೋಡಬೇಡ. ಏನಾದರೂ ಮಾತಾಡು.

ಮಾತಾಡೋ...

ಅಮ್ಮ ಹೇಳಿಕೊಟ್ಟ ಮಾತು ಬಾಯಿಗೆ ಬರಲಿಲ್ಲ ಕಣೋ. ನಲ್ಲಿ ಮುಂದೆ ನಿಂತಾಗ ಅವಳ ನೋವು ನೆನಪಾಗಲೇ ಇಲ್ಲ. ನನ್ನ ಬೆನ್ನು ನೆನಪಾಯ್ತು. ನಿದ್ದೆ ನೆನಪಾಯ್ತು. ನನ್ನನ್ನ ಬಿಡಿಸು ಅಂದೆ. ಇವಳಿಂದ ನನ್ನನ್ನ ಬಿಡಿಸು. ಅಷ್ಟೇ ಅಂದಿದ್ದು.

ಅಮ್ಮ ಅಷ್ಟು ವರ್ಷ ಬೇಡಿದ್ದೆಲ್ಲ ಬಿಟ್ಟು ಇದೊಂದನ್ನ ಅವನು ಕೇಳಿಸಿಕೊಂಡಿದ್ದರೆ, ನಾನು ಹೇಗೋ ಬದುಕಲಿ? ಯಾರೂ ಇರಲಿಲ್ಲ ಅನ್ನು. ಸುಳ್ಳಾದರೂ ಪರವಾಗಿಲ್ಲ, ಅನ್ನು. ಸುಮ್ಮನೆ ಕೂರಬೇಡ ಕಣೋ... ನೀನು ಹೀಗೆ ಸುಮ್ಮನಿದ್ದರೆ ಈ ಮನೇಲಿ ಇನ್ಯಾರೋ ಕೂತು ಕೇಳ್ತಿದಾರೆ ಅನ್ನಿಸುತ್ತೆ.